ಹಾಕಿಸಿದ ಒಲೆ, ಉರಿದ ಒಲೆ

"ಅಲ್ಲ ಕಣಮ್ಮಾ, ಗೌರಿಬಿದನೂರು ಕಡೆ ಹಗಲೊತ್ತೇ ತ್ರೀ ಫೇಸ್ ಕೊಡ್ತವ್ರಂತಲ್ಲ! ಬಿಸಿಲಿನ ಕರೆಂಟಂತೆ. ನಮ್ಮ ಕಡೆ ಯಾವಾಗ ಬತ್ತೈತೆ?"

ಬೇಲಿಯಾಚೆಯಿಂದ ಅಕ್ಕ ಹೀಗೆ ಕೇಳಿದಾಗ ನಾನು ಹಿತ್ತಲ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಅಂಬಾಜಿದುರ್ಗದ ಬೆಟ್ಟದ ತಲೆ ಇನ್ನೂ ಮಂಜಿನೊಳಗೇ ಇತ್ತು. ಅಕ್ಕನ ಹಿಂದೆ ಒಗೆಯೋ ಕಲ್ಲಿನ ಮೇಲೆ ಭಾವ ಕೂತಿದ್ದರು. ರಾತ್ರಿ ಎರಡು ಗಂಟೆಗೆ ಕರೆಂಟು ಬಂತೆಂದು ಹೊಲಕ್ಕೆ ಹೋದವರು ಆಗಷ್ಟೇ ಬಂದಿದ್ದರು. ಪಂಚೆಯ ಅಂಚಿಗೆಲ್ಲ ಕೆಸರು, ಕೈಯಲ್ಲಿ ಇನ್ನೂ ಬ್ಯಾಟರಿ. ಹೋದ ಮಳೆಗಾಲದಲ್ಲಿ ಇಂಥದ್ದೇ ಹೊತ್ತಿನಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಕೆಳಗೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಕೈ ಹಾಕುವ ಮುಂಚೆ ಬೆಳಕು ಬಿಟ್ಟರು, ಬದುಕಿದರು. ಆಮೇಲೆ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಆದರೂ ಹೋಗಿ ನೋಡದೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಡ್ರಿಪ್ ಪೈಪು ಎಲ್ಲಿ ಕಿತ್ತುಕೊಂಡಿದೆಯೋ, ಯಾವ ಸಾಲಿಗೆ ನೀರು ಹತ್ತಿಲ್ಲವೋ ಎಂದು ಮನಸ್ಸು ಅಲ್ಲೇ ಇರುತ್ತದೆ. ಹಗಲಿನ ಕರೆಂಟು ಎಂದರೆ ಅಕ್ಕನಿಗೆ ಮೊದಲು ನೆನಪಾಗುವುದು ಆ ಹಾವು.

"ಸುದ್ದಿ ನಿಜ ಅಕ್ಕಾ," ಅಂದೆ. 2025ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೌರಿಬಿದನೂರು ತಾಲ್ಲೂಕು ತೊಂಡೇಬಾವಿ ಹೋಬಳಿಯ ಹನುಮೇನಹಳ್ಳಿಗೆ ಬಂದು ಚಾಲನೆ ಕೊಟ್ಟ ಯೋಜನೆ ಅದು. ಕುಸುಮ್-ಸಿ ಎನ್ನುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ-ಕುಸುಮ್‌ಗೆ ಮೂರು ಕವಲುಗಳಿವೆ. ರೈತರ ಬೀಳು ಜಮೀನಿನಲ್ಲಿ ಸಣ್ಣ ಸೋಲಾರ್ ಘಟಕ ಹಾಕುವುದು ಒಂದು. ಕರೆಂಟಿನ ತಂತಿ ಇಲ್ಲದ ಕಡೆ ಬಿಸಿಲಿನಿಂದಲೇ ಓಡುವ ಪಂಪು ಕೊಡುವುದು ಇನ್ನೊಂದು. ಈಗಾಗಲೇ ಲೈನು ಇರುವ ಪಂಪ್‌ಸೆಟ್ಟುಗಳಿಗೆ ಬಿಸಿಲಿನ ಕರೆಂಟು ಹಾಯಿಸುವುದು ಮೂರನೆಯದು, ಅದೇ ಈ 'ಸಿ'. ಹಳ್ಳಿಯ ಸಬ್‌ಸ್ಟೇಷನ್ನಿಗೆ ಹತ್ತಿರದಲ್ಲೇ ಫಲಕ ನಿಲ್ಲಿಸಿ ಪಂಪ್‌ಸೆಟ್ಟಿನ ಫೀಡರಿಗೆ ಸೇರಿಸುತ್ತಾರೆ. ರೈತ ಮೋಟ್ರು ಬದಲಿಸಬೇಕಾಗಿಲ್ಲ, ತಂತಿ ಎಳೆಸಬೇಕಾಗಿಲ್ಲ. ಕರೆಂಟು ದೂರದಿಂದ ಬರುವ ಹಾದಿಯಲ್ಲಿ ಸೋರಿಹೋಗುವುದೂ ತಪ್ಪುತ್ತದೆ.

ಭಾವ ಕಲ್ಲಿನಿಂದ ಎದ್ದು ಬೇಲಿ ಹತ್ತಿರಕ್ಕೆ ಬಂದರು. "ಆ ಎರಡನೇದು ಕೇಳಿದ್ದೆ. ಸರ್ಕಾರವೇ ಬಾಳ ಪಾಲು ಹಾಕುತ್ತೆ ಅಂದ್ರು. ವಿಚಾರಿಸಿದ್ರೆ ನಮ್ಮ ಬೋರಿಗೆ ಆಗಲ್ಲ ಅಂದ್ಬಿಟ್ರು."

ಅದೂ ನಿಜವೇ. ಸೋಲಾರ್ ಪಂಪಿಗೆ ನಮ್ಮ ರಾಜ್ಯ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದೆ. ಕೇಂದ್ರದ್ದು 30, ರೈತ ಕೊಡಬೇಕಾದ್ದು 20. ಟ್ರಾನ್ಸ್‌ಫಾರ್ಮರಿನಿಂದ 500 ಮೀಟರಿಗಿಂತ ದೂರ ಬೋರು ಕೊರೆಸಿದವರಿಗೆ ಇನ್ನು ಲೈನು ಎಳೆಯುವುದಿಲ್ಲ, ಸೋಲಾರೇ ಹಾಕಿಸಿಕೊಳ್ಳಿ ಎಂಬ ತೀರ್ಮಾನವೂ ಆಗಿದೆ. ಆದರೆ ಕೇಂದ್ರದ ಸಹಾಯಧನ ಲೆಕ್ಕ ಹಾಕಿರುವುದು ಏಳೂವರೆ ಎಚ್‌ಪಿ ಪಂಪನ್ನು ಮುಂದಿಟ್ಟುಕೊಂಡು. ನದಿ ದಂಡೆಯವರಿಗೆ, ಇನ್ನೂರು ಮುನ್ನೂರು ಅಡಿಗೆ ನೀರು ಸಿಗುವವರಿಗೆ ಅದು ಸಾಕು. ಭಾವನ ಬೋರು 1,350 ಅಡಿ. ಅಷ್ಟು ಆಳದಿಂದ ನೀರೆತ್ತಲು ಹದಿನೈದು ಎಚ್‌ಪಿ ಮೋಟ್ರು ಇಳಿಬಿಟ್ಟಿದ್ದಾರೆ. ದಿಲ್ಲಿಯಲ್ಲಿ ಕೂತು ಬರೆದ ಕಾಗದದಲ್ಲಿ ಚಿಂತಾಮಣಿ ತಾಲ್ಲೂಕಿನ ಆಳ ಸೇರಿರಲಿಲ್ಲ. ಹಾಗಾಗಿ ನಮ್ಮ ಕಡೆಗೆ ಹೊಂದುವುದಾದರೆ ಆ ಫೀಡರಿನ ದಾರಿಯೇ ಹೊಂದಬೇಕು. ಭಾವ ತಲೆ ಆಡಿಸಿದರು.

ಅಕ್ಕ ಒಪ್ಪಲಿಲ್ಲ. "ಸರ್ಕಾರದ ದುಡ್ಡು ಬರೋದೂ ಕಂಡಿದೀವಿ, ಹೋಗೋದೂ ಕಂಡಿದೀವಿ. ನಿಮ್ಮತ್ತೆ ಗೋಬರ್ ಗ್ಯಾಸ್ ಏನಾಯ್ತು, ನೋಡು ಅಲ್ಲಿ" ಎಂದು ನಮ್ಮ ಹಿತ್ತಲಿನ ಕರಿಬೇವಿನ ಗಿಡ ತೋರಿಸಿದರು.

ಆ ಗಿಡ ಇರುವುದೇ ಹಳೇ ಗೋಬರ್ ಗ್ಯಾಸ್ ಗುಂಡಿಯ ಮೇಲೆ. ದೇಶದಲ್ಲೆಲ್ಲ ಗೋಬರ್ ಗ್ಯಾಸಿಗೆ ಸಹಾಯಧನ ಕೊಡುವ ಯೋಜನೆ ಶುರುವಾದದ್ದು 1981-82ರಲ್ಲಿ. ಅದಾದ ನಾಲ್ಕೈದು ವರ್ಷಕ್ಕೆ ನಮ್ಮ ಮನೆಗೂ ಬಂತು. ಗುಂಡಿಯ ಮೇಲೆ ಮಗುಚಿದ ಕಬ್ಬಿಣದ ಡ್ರಮ್ಮು, ಒಳಗೆ ಗ್ಯಾಸು ತುಂಬಿದ ಹಾಗೆಲ್ಲ ಮೇಲಕ್ಕೇಳುತ್ತಿತ್ತು. ನಮ್ಮತ್ತೆ ಆ ಡ್ರಮ್ಮಿನ ಹೊಟ್ಟೆಗೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆ ಗುಂಡಿಯ ಕಟ್ಟೆಯಿಂದ ಮೇಲೆ ಕಂಡರೆ ಎರಡು ಹೊತ್ತಿನ ಅಡುಗೆಗೆ ಮೋಸವಿಲ್ಲ. ಕಾಣದಿದ್ದರೆ ಬೆಳಗಿನ ಮುದ್ದೆಗೆ ಮಾತ್ರ, ಸಂಜೆಗೆ ಸೌದೆ. ನಾನು ಸೊಸೆಯಾಗಿ ಬಂದಾಗಲೂ ಆ ಗೆರೆ ಮಸುಕಾಗಿ ಉಳಿದಿತ್ತು. ಬರ ಬಂತು, ಮೇವಿಲ್ಲದೆ ಎರಡು ಹಸು ಮಾರಿದರು, ಸಗಣಿ ಸಾಲದಾಯಿತು. ಡ್ರಮ್ಮಿನ ಒಂದು ಮಗ್ಗುಲು ತುಕ್ಕು ತಿಂದು ಗ್ಯಾಸು ಸೋರತೊಡಗಿತು. ರಿಪೇರಿಗೆ ಅಂತ ಮಾವ ತಿರುಗಿದ ಕಚೇರಿಯಲ್ಲಿ, "ಹೊಸದು ಹಾಕಿಸಿಕೊಳ್ಳೋದಾದ್ರೆ ಅರ್ಜಿ ಕೊಡಿ, ಹಳೇದಕ್ಕೆ ನಮ್ಮಲ್ಲಿ ದುಡ್ಡಿಲ್ಲ" ಎಂದರಂತೆ. ಅತ್ತೆ ಮತ್ತೆ ಊದುಗೊಳವೆ ಹಿಡಿದರು. ಅವರ ಕೊನೆಯ ವರ್ಷಗಳ ಕೆಮ್ಮನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಲೆಕ್ಕದಲ್ಲಿ ಮಾತ್ರ ನಮ್ಮ ಮನೆ ಆವತ್ತಿಗೂ ಹೊಗೆಯಿಲ್ಲದ ಮನೆಯೇ ಆಗಿತ್ತೇನೋ. ಹಾಕಿಸಿದ ಒಲೆಯನ್ನು ಎಣಿಸಿದ್ದರು. ಉರಿಯುತ್ತಿದೆಯಾ ಎಂದು ಎಣಿಸಲು ಯಾರೂ ಬಂದಿರಲಿಲ್ಲ.

"ಅಕ್ಕಾ, ನೀನು ಹೇಳಿದ್ದು ಸರಿ. ಆದ್ರೆ ಅದೇ ಗೋಬರ್ ಗ್ಯಾಸು ಬಾಗೇಪಲ್ಲಿ ಕಡೆ ಇನ್ನೊಂದು ರೀತಿ ನಡೀತು" ಎಂದು ಅವರೆಕಾಯಿ ಮೊರ ಎತ್ತಿಕೊಂಡು ಬೇಲಿಗೇ ಹೋದೆ.

ನಮ್ಮ ಜಿಲ್ಲೆಯ ಈ ಸಂಗತಿ ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ಬಾಗೇಪಲ್ಲಿ ಕೂಲಿ ಸಂಘ ಎಂದು ಕೂಲಿಕಾರರ, ಸಣ್ಣ ರೈತರ ಸಂಘಟನೆ ಇದೆ. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯೊಳಗಿದ್ದ ಕಾಲ, 2005. ಆ ಸಂಘ 5,500 ಮನೆಗಳಿಗೆ ಗೋಬರ್ ಗ್ಯಾಸ್ ಮಾಡುವ ಯೋಜನೆಯನ್ನು ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಅಡಿಯಲ್ಲಿ ನೋಂದಾಯಿಸಿತು. ಕ್ಯೋಟೋ ಒಪ್ಪಂದದಲ್ಲಿ ಅದಕ್ಕೊಂದು ದಾರಿ ಇತ್ತು. ಬಡ ದೇಶದಲ್ಲಿ ಒಬ್ಬರು ಹೊಗೆ ಕಡಿಮೆ ಮಾಡಿದರೆ, ಕಡಿಮೆಯಾದ ಒಂದೊಂದು ಟನ್ನಿಗೂ ಹೊರದೇಶದವರು ದುಡ್ಡು ಕೊಡಬಹುದು. ಆದರೆ ದುಡ್ಡು ಸುಮ್ಮನೆ ಬರುವುದಿಲ್ಲ. ಒಲೆ ಉರಿದಿದೆ, ಅಷ್ಟು ಸೌದೆ ಸೀಮೆಎಣ್ಣೆ ಉಳಿದಿದೆ ಎಂದು ಲೆಕ್ಕ ಇಡಬೇಕು. ಹೊರಗಿನವರು ಬಂದು ಆ ಲೆಕ್ಕ ತಾಳೆ ನೋಡಬೇಕು. ಆಮೇಲೆ ಮಾತ್ರ ಹಣ. ಒಲೆ ಕೆಟ್ಟು ಕೂತರೆ ಸಂಘಕ್ಕೇ ನಷ್ಟ. ಹಾಗಿದ್ದಾಗ ಕೆಟ್ಟ ಒಲೆಯನ್ನು ಹುಡುಕಿಕೊಂಡು ಬರುವ ಜನ ಇದ್ದೇ ಇರುತ್ತಾರೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ, ಉರಿದಿದ್ದಕ್ಕೆ ದುಡ್ಡು" ಅಂದರು.

ಅಷ್ಟೇ. ನಾನು ಅರ್ಧ ಗಂಟೆ ಹೇಳಬೇಕೆಂದುಕೊಂಡದ್ದನ್ನು ಅಕ್ಕ ಎರಡು ಮಾತಿನಲ್ಲಿ ಹೇಳಿಬಿಟ್ಟರು.

ಭಾವನಿಗೆ ದೊಡ್ಡ ಲೆಕ್ಕ ಬೇಕಿತ್ತು. ಅವರು ಪೇಪರು ಓದುವವರು. "ಅದು ಸಣ್ಣ ಸಂಘ. ಕೊರೋನಾದಲ್ಲಿ ಇಪ್ಪತ್ತು ಲಕ್ಷ ಕೋಟಿ ಅಂತ ಸರ್ಕಾರ ದುಡ್ಡು ಸುರೀತಲ್ಲ, ಅದರಲ್ಲಿ ಇಂಥ ಕೆಲಸಕ್ಕೆ ಎಷ್ಟು ಬಂತು?" ಎಂದು ಕೇಳಿದರು.

ಆ ವರ್ಷ ನಮಗೆಲ್ಲ ನೆನಪಿದೆ. ಲಾಕ್‌ಡೌನ್ ಆಗಿ ಟೊಮ್ಯಾಟೊ ಕೊಳ್ಳುವವರಿಲ್ಲದೆ ಭಾವ ಒಂದು ಎಕರೆ ಬೆಳೆಯನ್ನು ಹಸುಗಳಿಗೆ ಬಿಟ್ಟರು. ಅಕ್ಕನ ಜನಧನ ಖಾತೆಗೆ ಮೂರು ತಿಂಗಳು ಐನೂರು ಐನೂರು ಬಂತು, ಉಜ್ವಲದ ಸಿಲಿಂಡರು ಮೂರು ಪುಕ್ಕಟೆ ಬಂದವು. ದೊಡ್ಡ ಪ್ಯಾಕೇಜನ್ನು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಆ ಮೇ ತಿಂಗಳಲ್ಲಿ ಐದು ದಿನ ಕಂತು ಕಂತಾಗಿ ಓದಿದರು. ಅದರಲ್ಲಿ ಮೇ 16ರ ಕಂತಿನ ಒಂದು ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿದೆ: ಗಣಿಯಿಂದ ಕಲ್ಲಿದ್ದಲು ಬೇಗ ಸಾಗಿಸುವ ವ್ಯವಸ್ಥೆಗೆ 50,000 ಕೋಟಿ ರೂಪಾಯಿ. ಇನ್ನೊಂದು ಕಂತಿನಲ್ಲಿ, ಬಾಕಿ ಹೊತ್ತು ನಿಂತಿದ್ದ ವಿದ್ಯುತ್ ಕಂಪನಿಗಳಿಗೆ 90,000 ಕೋಟಿಯ ಸಾಲ. ಇಡೀ ದೇಶದ ರೈತರಿಗೆ ಬಿಸಿಲಿನ ಕರೆಂಟು ಕೊಡುವ ಕುಸುಮ್‌ಗೆ, ಎಲ್ಲ ವರ್ಷ ಸೇರಿ ಕೇಂದ್ರ ತೆಗೆದಿಟ್ಟದ್ದು 34,422 ಕೋಟಿ.

ಇದನ್ನು ಹೇಳುವಾಗ ನನಗೆ ಸಿಟ್ಟಿಗಿಂತ ದುಃಖವೇ ಹೆಚ್ಚು. ಆ ಹೊತ್ತಿಗೆ ಜನರಿಗೆ ಕೂಲಿ ಬೇಕಿತ್ತು, ಕತ್ತಲಾಗದಂತೆ ಕರೆಂಟು ಬೇಕಿತ್ತು. ದುಡ್ಡು ಸುರಿದದ್ದು ತಪ್ಪೆಂದು ನಾನು ಅನ್ನುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಹೊಸ ಗ್ಯಾಸಿನ ಒಲೆ ತಂದಿಟ್ಟು, ಅದೇ ದಿನ ಹಳೇ ಸೌದೆ ಒಲೆಯನ್ನೂ ದೊಡ್ಡದಾಗಿ ಕಟ್ಟಿಸಿದರೆ ಹೊಗೆ ಹೇಗೆ ಕಡಿಮೆಯಾದೀತು?

ಬೇರೆ ದೇಶಗಳದ್ದೂ ಇದೇ ಕಥೆ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿ ಲೋಕವೆಲ್ಲ ಕುಸಿದಾಗ ಸರ್ಕಾರಗಳು ಹೀಗೇ ದುಡ್ಡು ಹರಿಸಿದವು. ಅಮೆರಿಕ 2009ರಲ್ಲಿ ತೆಗೆದ 787 ಶತಕೋಟಿ ಡಾಲರಿನಲ್ಲಿ 90 ಶತಕೋಟಿಯಷ್ಟು ಶುದ್ಧ ಇಂಧನಕ್ಕೆ ಹೋಯಿತು. ದಕ್ಷಿಣ ಕೊರಿಯಾ ತನ್ನ ಪ್ಯಾಕೇಜಿನ ಬಹುಪಾಲನ್ನು ಹಸಿರಿನದೆಂದೇ ಕರೆಯಿತು. ಆದರೆ ಅದರಲ್ಲಿ ದೊಡ್ಡ ಗಂಟು ನಾಲ್ಕು ನದಿಗಳ ಹೂಳೆತ್ತಿ ಅಡ್ಡಗಟ್ಟೆ ಕಟ್ಟುವುದಕ್ಕೆ ಹೋಯಿತು. 2009ರಲ್ಲಿ ಲೋಕದ ಇಂಗಾಲದ ಹೊಗೆ ಶೇ 1.4ರಷ್ಟು ಇಳಿದಿತ್ತು. ಮಾರನೇ ವರ್ಷವೇ ಶೇ 5.9 ಏರಿತು. ಕೊರೋನಾದಲ್ಲೂ ಅಷ್ಟೇ, 2020ರಲ್ಲಿ ಇಳಿದದ್ದು 2021ರಲ್ಲಿ ಹೆಚ್ಚುಕಡಿಮೆ ಅಷ್ಟೂ ವಾಪಸು. ಗಾಡಿ ಕೆಟ್ಟು ನಿಂತಾಗ ಹೊಗೆ ನಿಲ್ಲುತ್ತದೆ. ದುಡ್ಡು ಹಾಕಿ ತಳ್ಳಿದರೆ ಮೊದಲು ಓಡುವುದು ಅದೇ ಹಳೇ ಗಾಡಿ.

"ಹಂಗಾದ್ರೆ ಈ ದುಡ್ಡೆಲ್ಲ ದಂಡವಾ?" ಭಾವ ಕೇಳಿದರು.

ಇಲ್ಲ. ಇಲ್ಲಿ ನಾನು ಗಟ್ಟಿಯಾಗಿ ಇಲ್ಲ ಎನ್ನುತ್ತೇನೆ. ಆ ದುಡ್ಡಿನ ಫಲ ಸುರಿದ ವರ್ಷ ಕಾಣಿಸುವುದಿಲ್ಲ, ಸುರಿದ ಊರಿನಲ್ಲೂ ಕಾಣಿಸದೆ ಇರಬಹುದು. ಜರ್ಮನಿಯವರು 2000ನೇ ಇಸವಿಯಲ್ಲಿ ಕಾನೂನು ಮಾಡಿ, ಮನೆಯ ಮೇಲೆ ಸೋಲಾರ್ ಹಾಕಿದವರ ಕರೆಂಟಿಗೆ ಇಪ್ಪತ್ತು ವರ್ಷ ಒಳ್ಳೆಯ ಬೆಲೆ ಕೊಡುತ್ತೇವೆ ಎಂದರು. ಆವತ್ತು ಫಲಕ ಬಂಗಾರದ ಬೆಲೆಗಿತ್ತು. ಅವರು ಕೊಂಡ ಹಾಗೆಲ್ಲ ಚೀನಾದಲ್ಲಿ ಕಾರ್ಖಾನೆಗಳು ಎದ್ದವು, ಅಲ್ಲಿನ ಸರ್ಕಾರವೂ ಸಾಲ ಕೊಟ್ಟು ಬೆಳೆಸಿತು. 2010ರಿಂದ ಹತ್ತು ವರ್ಷದಲ್ಲಿ ಫಲಕದ ಬೆಲೆ ಶೇ 90ರಷ್ಟು ಬಿದ್ದುಹೋಯಿತು. ಇವತ್ತು ಗೌರಿಬಿದನೂರಿನ ಬಿಸಿಲಿಗೆ ಒಡ್ಡಿರುವ ಫಲಕ ಅಗ್ಗವಾಗಿದ್ದರೆ ಅದರಲ್ಲಿ ಯಾವುದೋ ಊರಿನ ಜರ್ಮನ್ ಅಜ್ಜಿ ಕಟ್ಟಿದ ಕರೆಂಟ್ ಬಿಲ್ಲಿನ ಪಾಲೂ ಇದೆ.

ನಮ್ಮ ಕೈಯಲ್ಲೇ ಆದ ಒಂದು ಉದಾಹರಣೆ ಬಲ್ಬಿನದು. 2015ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂದು ಎಲ್‌ಇಡಿ ಬಲ್ಬು ಹಂಚಿದ್ದು ಅಕ್ಕನಿಗೆ ನೆನಪಿದೆ. ಕರೆಂಟ್ ಬಿಲ್ ಹಿಡಿದುಕೊಂಡು ಸಾಲಿನಲ್ಲಿ ನಿಂತು ತಂದದ್ದು ಅವರೇ. ಕೇಂದ್ರದ ಉಜಾಲಾ ಯೋಜನೆಯದು ಅದು. ಶುರುವಿನಲ್ಲಿ ಸರ್ಕಾರಿ ಖರೀದಿಯ ಬೆಲೆ ಬಲ್ಬಿಗೆ 310 ರೂಪಾಯಿ ಇತ್ತು. ಕೋಟಿಗಟ್ಟಲೆ ಒಟ್ಟಿಗೆ ಕೊಂಡಾಗ ಮೂರು ವರ್ಷದೊಳಗೆ 40ಕ್ಕಿಂತ ಕೆಳಗಿಳಿಯಿತು. ಈಗ ಯಾವ ಯೋಜನೆಯೂ ಬೇಡ, ಕೈವಾರದ ಅಂಗಡಿಯಲ್ಲೂ ಎಲ್‌ಇಡಿಯೇ ಸಿಗುತ್ತದೆ. ಹಳೇ ಬುರುಡೆ ಬಲ್ಬು ಕೇಳಿದರೂ ಇಲ್ಲ. ಅಲ್ಲಿ ಹಳೇ ಒಲೆ ನಿಜವಾಗಿಯೂ ಆರಿತು.

ಬಿಸಿಲಿನ ಕರೆಂಟಿನಲ್ಲಿ ಇನ್ನೂ ಆರಿಲ್ಲ. ನಮ್ಮ ದೇಶ 2030ಕ್ಕೆ ಕಲ್ಲಿದ್ದಲು, ಎಣ್ಣೆ ಬಿಟ್ಟು ಬೇರೆ ಮೂಲದಿಂದ 500 ಗಿಗಾವಾಟ್, 2070ಕ್ಕೆ ಹೊಗೆಯ ಲೆಕ್ಕ ಸೊನ್ನೆ ಎಂದು ಗುರಿ ಇಟ್ಟುಕೊಂಡಿದೆ. ಕರೆಂಟು ಮಾಡುವ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲಿನದಲ್ಲ ಎನ್ನುವ ಗುರಿ 2030ಕ್ಕೆ ಇತ್ತು. ಅದನ್ನು 2025ರಲ್ಲೇ ಮುಟ್ಟಿದೆವು. ದೊಡ್ಡ ಕೆಲಸವೇ. ಆದರೆ ಅದು ಹಾಕಿಸಿದ ಒಲೆಯ ಲೆಕ್ಕ. ಉರಿದದ್ದನ್ನು ಎಣಿಸಿದರೆ, ದೇಶದಲ್ಲಿ ಹುಟ್ಟುವ ಕರೆಂಟಿನಲ್ಲಿ ಇವತ್ತಿಗೂ ಮುಕ್ಕಾಲು ಪಾಲಿನ ಹತ್ತಿರ ಕಲ್ಲಿದ್ದಲೇ. ಬಿಸಿಲು ಹಗಲಿಗಷ್ಟೇ, ದೀಪ ಬೇಕಾಗುವುದು ರಾತ್ರಿಗೆ.

ಇಲ್ಲೇ ನಮ್ಮಂಥ ಊರಿಗೆ ಒಂದು ಮಹತ್ವ ಇದೆ ಎಂದು ನನಗೆ ಅನ್ನಿಸುವುದು. ಕರ್ನಾಟಕದಲ್ಲಿ ಖರ್ಚಾಗುವ ಕರೆಂಟಿನಲ್ಲಿ ಮೂರನೇ ಒಂದು ಪಾಲಿನಷ್ಟು ಹೋಗುವುದು ಪಂಪ್‌ಸೆಟ್ಟಿಗೆ. ಮೂವತ್ತು ಲಕ್ಷಕ್ಕೂ ಹೆಚ್ಚು ಮೋಟ್ರುಗಳು. ದೀಪವನ್ನು ಹಗಲಿಗೆ ತರಲಾಗದು, ಫ್ಯಾನನ್ನೂ ತರಲಾಗದು. ಮೋಟ್ರನ್ನು ತರಬಹುದು. ಹಗಲು ಎತ್ತಿದ ನೀರು ಕೃಷಿ ಹೊಂಡದಲ್ಲಿ ನಿಲ್ಲುತ್ತದೆ, ಬೇಕಾದಾಗ ಬಿಟ್ಟುಕೊಳ್ಳಬಹುದು. ಭಾವ ರಾತ್ರಿ ಎರಡಕ್ಕೆ ಎದ್ದು ಎತ್ತುವ ನೀರನ್ನು ಮಧ್ಯಾಹ್ನ ಎರಡಕ್ಕೆ ಎತ್ತಿದರೆ, ಅಷ್ಟು ಕಲ್ಲಿದ್ದಲು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಉರಿಯದೆ ಉಳಿಯುತ್ತದೆ. ಹಾವಿನ ಭಯವೂ ಅಲ್ಲಿಗೆ ಮುಗಿಯಿತು.

ಅಕ್ಕನ ಮುಖ ಅರಳಿತು. ಭಾವನದು ಅರಳಲಿಲ್ಲ. ಅವರು ಬೇಲಿಯ ಗೂಟ ಹಿಡಿದು ನಿಧಾನವಾಗಿ ಹೇಳಿದರು: "ಹಗಲೊತ್ತು ಏಳು ಗಂಟೆ ಕರೆಂಟು ಕೊಟ್ರೆ ನಾನು ಏಳು ಗಂಟೆಯೂ ಬಿಡ್ತೀನಿ. ಈಗ ರಾತ್ರಿ ನಿದ್ದೆ ಬಂದು ಒಂದೊಂದು ದಿನ ಆಫ್ ಮಾಡ್ತೀನಿ. ಪಕ್ಕದೋರೂ ಅಷ್ಟೇ. ನೀರೆಲ್ಲಿ ಉಳೀತೈತೆ?"

ಇಷ್ಟು ಸತ್ಯವಾದ ಮಾತನ್ನು ನಾನು ಯಾವ ವರದಿಯಲ್ಲೂ ಓದಿಲ್ಲ. ನಮ್ಮ ಜಿಲ್ಲೆ, ಕೋಲಾರ ಜಿಲ್ಲೆ ಎರಡೂ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಅತಿಬಳಕೆಯ ಕೆಂಪು ಗೆರೆಯೊಳಗಿವೆ. ಮಳೆಯಿಂದ ಇಂಗುವುದಕ್ಕಿಂತ ಎತ್ತುವುದು ಹೆಚ್ಚು. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಪೈಪಿನಲ್ಲಿ ಕೆರೆಗಳಿಗೆ ಏರಿಸುತ್ತಿರುವುದು ಇದೇ ಬರಗಾಲಕ್ಕೆ, ಆ ನೀರು ಏರಲೂ ಕರೆಂಟೇ ಬೇಕು. 10 ಎಚ್‌ಪಿ ವರೆಗೆ ಕರೆಂಟು ಉಚಿತ. ನೀರು ಕೆಳಗಿಳಿದಂತೆ ಅಷ್ಟೇ ನೀರಿಗೆ ಹೆಚ್ಚು ಕರೆಂಟು. 2023ರಲ್ಲಿ ಮಳೆ ಕೈಕೊಟ್ಟಾಗ ಏನಾಯಿತು ನೋಡಿ. ಅಣೆಕಟ್ಟಿನ ಕರೆಂಟು ಕುಸಿಯಿತು, ಅದೇ ಹೊತ್ತಿಗೆ ಬೆಳೆ ಉಳಿಸಲು ಎಲ್ಲರೂ ಮೋಟ್ರು ಬಿಟ್ಟರು. ಏಳು ಗಂಟೆಯ ಕರೆಂಟು ಐದಕ್ಕಿಳಿದು ರೈತರು ಸಬ್‌ಸ್ಟೇಷನ್ ಮುಂದೆ ಕೂರಬೇಕಾಯಿತು. ಬರ ಬಂದಷ್ಟೂ ಮೋಟ್ರು, ಮೋಟ್ರು ಓಡಿದಷ್ಟೂ ಕಲ್ಲಿದ್ದಲು. ಬಿಸಿಲಿನ ಕರೆಂಟು ಈ ಸುಳಿಯಿಂದ ಕಲ್ಲಿದ್ದಲನ್ನು ಬಿಡಿಸಬಲ್ಲದು. ನೀರನ್ನು ಉಳಿಸಬೇಕಾದರೆ ಇನ್ನೊಂದು ಏನಾದರೂ ಜೊತೆಗಿರಬೇಕು.

ಆ ಇನ್ನೊಂದು ಎಲ್ಲೋ ಇಲ್ಲ ಎಂದಲ್ಲ. ಪಂಜಾಬಿನವರು 2018ರಲ್ಲಿ 'ನೀರು ಉಳಿಸು, ದುಡ್ಡು ಗಳಿಸು' ಎಂಬರ್ಥದ ಹೆಸರಿಟ್ಟು ಒಂದು ಪ್ರಯತ್ನ ಮಾಡಿದರು. ಅಲ್ಲೂ ಪಂಪಿಗೆ ಕರೆಂಟು ಪುಕ್ಕಟೆ, ಅಲ್ಲೂ ನೀರು ಪಾತಾಳ. ಪ್ರತಿ ರೈತನಿಗೆ ಇಷ್ಟು ಯೂನಿಟ್ ಎಂದು ಲೆಕ್ಕ ಹಾಕಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಅವನ ಖಾತೆಗೆ ಹಾಕಿದರು. ನಮ್ಮ ರಾಜ್ಯವೇ ಅದಕ್ಕೂ ಮುಂಚೆ, 2014-15ರ ಸುಮಾರಿಗೆ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ 'ಸೂರ್ಯ ರೈತ' ಎಂದು ಶುರುಮಾಡಿತ್ತು. ಸುಮಾರು ಮುನ್ನೂರು ರೈತರ ಹೊಲದಲ್ಲಿ ಪಂಪಿಗೆ ಬೇಕಾದ್ದಕ್ಕಿಂತ ಹೆಚ್ಚಿನ ಫಲಕ ಹಾಕಿ, ಮಿಕ್ಕ ಕರೆಂಟನ್ನು ಬೆಸ್ಕಾಂ ಕೊಳ್ಳುವ ಏರ್ಪಾಡು. ಗುಜರಾತಿನ ಧುಂಡಿ ಎಂಬ ಹಳ್ಳಿಯ ರೈತರು ಸಹಕಾರ ಸಂಘ ಕಟ್ಟಿಕೊಂಡು ಇದನ್ನೇ ಮಾಡಿದರು. ಬಿಸಿಲೇ ಒಂದು ಬೆಳೆ ಎಂದಮೇಲೆ ಮೋಟ್ರು ಸುಮ್ಮನಿದ್ದಷ್ಟೂ ಲಾಭ. ಆ ದಾರಿ ನಮ್ಮ ರಾಜ್ಯಕ್ಕೆಲ್ಲ ಹಬ್ಬಲಿಲ್ಲ. ಫೀಡರಿನ ದಾರಿ ಸುಲಭ, ಬೇಗ ಆಗುತ್ತದೆ, ಅದನ್ನು ಹಿಡಿದರು. ಹಿಡಿಯಲಿ. ಅದರ ಜೊತೆಗೆ ಮೀಟರು ಕೂರಿಸಿ, ಉಳಿಸಿದ್ದಕ್ಕೆ ದುಡ್ಡು ಕೊಡುವುದನ್ನೂ ಸೇರಿಸಲಿ ಎಂಬುದೇ ನನ್ನ ಆಸೆ.

"ಮೀಟರು ಅಂದ್ರೆ ಜನ ದೊಣ್ಣೆ ತಗೋತಾರೆ" ಎಂದರು ಭಾವ.

"ಬಿಲ್ಲು ಬರೆಯೋ ಮೀಟರಾದ್ರೆ ತಗೋತಾರೆ ಭಾವಾ. ದುಡ್ಡು ಹಾಕೋ ಮೀಟರಾದ್ರೆ?"

ಅವರು ಉತ್ತರ ಕೊಡಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದದ್ದು ಕಂಡಿತು. ಅವರು ಹಾಕುವಷ್ಟು ಹೊತ್ತು ನಾನು ಕಾದೆ. ಹದಿನೈದು ಎಚ್‌ಪಿ ಮೋಟ್ರು ಗಂಟೆಗೆ ಹನ್ನೊಂದು ಯೂನಿಟ್ಟಿನಷ್ಟು ಎಳೆಯುತ್ತದೆ. ಪಂಜಾಬಿನ ದರದಲ್ಲಿ ದಿನಕ್ಕೆ ಎರಡು ಗಂಟೆ ನಿಲ್ಲಿಸಿದರೆ ಎಂಬತ್ತೆಂಟು ರೂಪಾಯಿ. ತಿಂಗಳಿಗೆ ಎರಡೂವರೆ ಸಾವಿರದ ಮೇಲೆ. "ಮಲ್ಚಿಂಗ್ ಶೀಟ್ ಹಾಕಿದ್ರೆ ಎರಡು ಗಂಟೆ ಏನು, ಮೂರು ಗಂಟೆ ನಿಲ್ಲಿಸಬೋದು" ಅಂದರು ಕೊನೆಗೆ.

ಅಕ್ಕನ ತವರು ಪಾವಗಡದ ಕಡೆ. ಅಲ್ಲಿನ ಮಾತು ಬಾರದೆ ನಮ್ಮ ಹರಟೆ ಮುಗಿಯುವುದಿಲ್ಲ. ತಿರುಮಣಿ, ವಳ್ಳೂರು ಸೇರಿ ಐದು ಊರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕು. ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕಾಣದ ಶೇಂಗಾ ಹೊಲದಲ್ಲಿ ಅಷ್ಟು ದುಡ್ಡು ಹುಟ್ಟುತ್ತಿರಲಿಲ್ಲ, ಹತ್ತು ಎಕರೆಯವರು ನೆಮ್ಮದಿಯಾಗಿದ್ದಾರೆ. "ಜಮೀನಿಲ್ಲದೋರಿಗೆ ಏನೂ ಇಲ್ಲ ಕಣೆ," ಅಕ್ಕ ಹೇಳುತ್ತಿರುತ್ತಾರೆ. "ನಮ್ಮ ಚಿಕ್ಕಮ್ಮ ಕಳೆ ಕೀಳೋಕೆ ಹೋಗ್ತಿದ್ದ ಹೊಲಕ್ಕೆ ಈಗ ತಂತಿ ಬೇಲಿ. ಕುರಿ ಮೇಯೋಕೂ ಜಾಗ ಇಲ್ಲ." ಕೂಲಿಗೆ ಬೆಂಗಳೂರಿನ ಬಸ್ಸು ಹತ್ತಿದವರ ಕಥೆಯನ್ನು ಯಾವ ಮೆಗಾವಾಟಿನಲ್ಲಿ ಬರೆಯುವುದು? ಹಸಿರು ಎಂದು ಕರೆದ ದುಡ್ಡು ಕೂಲಿಯವರ ಬಾಯಿಂದ ತುತ್ತು ಕಿತ್ತರೆ ಅವರು ನಾಳೆ ಅದನ್ನು ಯಾಕೆ ಕಾಪಾಡಬೇಕು? ಕಾಪಾಡುವವರಿಲ್ಲದ ಯೋಜನೆ ಎಷ್ಟು ಬೇಗ ಅಳಿಸಿಹೋಗುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 2022ರಲ್ಲಿ ಒಂದು ಸರ್ಕಾರ ಶುದ್ಧ ಇಂಧನಕ್ಕೆಂದು ದೊಡ್ಡ ಕಾನೂನು ತಂದಿತು, 2025ರ ಜುಲೈನಲ್ಲಿ ಇನ್ನೊಂದು ಸರ್ಕಾರ ಅದರ ಬಹುಪಾಲು ರಿಯಾಯಿತಿಗಳನ್ನು ಕತ್ತರಿಸಿ ಹಾಕಿತು.

ಇನ್ನು ಮನೆಯ ಮೇಲಿನ ಸೋಲಾರ್. 2024ರಲ್ಲಿ ಕೇಂದ್ರ ಸೂರ್ಯಘರ್ ಎಂದು ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ತಂದಿದೆ. ನಮ್ಮ ಬೀದಿಯಲ್ಲಿ ಯಾರೂ ಹಾಕಿಸಿಲ್ಲ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿರುವಾಗ ಕೈಯಿಂದ ದುಡ್ಡು ಯಾಕೆ ಹಾಕಬೇಕು ಎನ್ನುತ್ತಾರೆ, ನ್ಯಾಯವೇ. ಗೃಹಜ್ಯೋತಿ ಅಕ್ಕನಂಥವರ ಮನೆಗೆ ಉಸಿರು ಕೊಟ್ಟಿದೆ, ಅದನ್ನು ತೆಗೆಯಿರಿ ಎಂದು ನಾನು ಹೇಳುವವಳಲ್ಲ. ಒಂದು ಸರ್ಕಾರ ಈ ಕೈಯಲ್ಲಿ ಕೊಡುವುದನ್ನೂ ಇನ್ನೊಂದು ಸರ್ಕಾರ ಆ ಕೈಯಲ್ಲಿ ಕೊಡುವುದನ್ನೂ ಒಂದೇ ಮಾಡಿನ ಮೇಲೆ ಕೂಡಿಸಬಹುದಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸುವ ಒಲೆಗಳನ್ನು ನೋಡಿದಾಗಲೂ ಹೀಗೇ ಅನ್ನಿಸುತ್ತದೆ. ಲಾರಿಗಟ್ಟಲೆ ಸೌದೆ, ಆವಿಯೊಳಗೆ ಕೈ ಅದ್ದಿ ನೂಲು ತೆಗೆಯುವ ಹೆಂಗಸರು. ಬಟಾಬಯಲಿನ ಫಲಕದ ಫೋಟೋ ಚೆನ್ನಾಗಿ ಬರುತ್ತದೆ, ಆ ಶೆಡ್ಡಿನೊಳಗಿನ ಹೊಗೆಯ ಫೋಟೋ ಯಾರಿಗೂ ಬೇಡ.

ಬಿಸಿಲು ಬಲಿತಿತ್ತು. ಬೆಟ್ಟದ ಬಂಡೆಗಳು ಒಂದೊಂದಾಗಿ ಕಂಡವು. ಅಕ್ಕ ನನ್ನ ಮೊರದಿಂದ ಒಂದು ಹಿಡಿ ಅವರೆಕಾಳು ಬೊಗಸೆಗೆ ಹಾಕಿಕೊಂಡು, "ಇದಕ್ಕೆ ಬದಲು ಸಂಜೆ ಹುಳಿ ಕಳಿಸ್ತೀನಿ" ಎಂದು ಒಳಗೆ ಹೋದರು. ಭಾವ ಹೋಗಲಿಲ್ಲ. ಬೇಲಿ ಸಂದಿನಿಂದ ಬಗ್ಗಿ ನಮ್ಮ ಕರಿಬೇವಿನ ಗಿಡದ ಬುಡ ನೋಡುತ್ತಿದ್ದರು.

"ಆ ಗುಂಡಿ ಎಷ್ಟು ಆಳ ಐತೆ?"

"ಹತ್ತು ಅಡಿ ಇರಬೇಕು ಭಾವಾ. ಮಣ್ಣು ತುಂಬಿಸಿಬಿಟ್ಟಿದೀವಿ."

"ನಂದು ಈಗ ನಾಲ್ಕು ಹಸು. ಸಗಣಿ ಮಸ್ತಾಗಿ ಬೀಳ್ತೈತೆ," ಎಂದರು. ಸ್ವಲ್ಪ ತಡೆದು, "ಬಾಗೇಪಲ್ಲೀಲಿ ಯಾರನ್ನ ಕೇಳಬೇಕು?" ಎಂದರು.

ನಾನು ಹೇಳುವಷ್ಟರಲ್ಲಿ ಅವರ ಜೇಬಿನ ಫೋನು ಬಡಿದುಕೊಂಡಿತು. ಆಟೋ ಸ್ಟಾರ್ಟರಿನ ಮೆಸೇಜು, ತ್ರೀ ಫೇಸ್ ಬಂದಿದೆ. ಭಾವ ಬ್ಯಾಟರಿಯನ್ನು ಒಗೆಯೋ ಕಲ್ಲಿನ ಮೇಲೇ ಬಿಟ್ಟು ಹೊಲದ ಕಡೆ ನಡೆದರು.